ಉಗುರಿನಷ್ಟು ಕಪ್ಪೆಯನ್ನು ಮೆರವಣಿಗೆಗೆ ಮಾಡುವುದು ಹೇಗೆ? ಕೈಕೆಲಸ ಬಲ್ಲವರು ಹೇಳಿ

ಪಾದೆಪಕ್ಕದಮನೆ, ಮಣಿಪಾಲ | ಸೆಪ್ಟೆಂಬರ್ 2

ಎಲ್ಲರಿಗೂ ನಮಸ್ಕಾರ. ಅಕ್ಟೋಬರ್ 2ರಿಂದ 8 ವನ್ಯಜೀವಿ ಸಪ್ತಾಹ ಅಲ್ವಾ, ಆ ವಾರದ ಭಾನುವಾರ ನಮ್ಮ ಬಡಾವಣೆಯವರು ಮಕ್ಕಳನ್ನು ಕಟ್ಟಿಕೊಂಡು ಒಂದು ಮೆರವಣಿಗೆ ಮಾಡುವುದೆಂದು ಮಾತಾಗಿದೆ. ಮಣ್ಣಪಳ್ಳ ಕೆರೆಯವರೆಗೆ ನಡೆಯುವುದು, ಅಲ್ಲಿ ಪಾನಕ ಕುಡಿದು ವಾಪಸ್ ಬರುವುದು, ಅಷ್ಟೇ. ಷರತ್ತು ಒಂದೇ: ಪ್ರತಿ ಮನೆಯವರೂ ನಮ್ಮ ಸೀಮೆಯಲ್ಲಿರುವ ಒಂದು ಪ್ರಾಣಿಯನ್ನೋ ಹಕ್ಕಿಯನ್ನೋ ಕೈಯಾರೆ ಮಾಡಿ ಹೊತ್ತು ತರಬೇಕು. ಅಂಗಡಿಯಿಂದ ತಂದದ್ದು ಆಗುವುದಿಲ್ಲ.

ಮೊದಲ ಸಭೆಯಲ್ಲಿ ಚೀಟಿ ಬರೆಸಿದೆವು. 17 ಮನೆ. 9 ಹುಲಿ, 5 ನವಿಲು, 2 ಆನೆ, 1 ಸಿಂಹ. ಸಿಂಹ ಬರೆದ ಹುಡುಗನಿಗೆ ಅದು ನಮ್ಮ ಕಡೆಯ ಪ್ರಾಣಿಯಲ್ಲ ಮಗಾ ಎಂದೆ. ಅವನು ಮುಖ ನೋಡಿ ಕೇಳಿದ, "ಹಾಗಾದ್ರೆ ನಮ್ಮಲ್ಲಿ ಎಂತೆಂತ ಉಂಟು?" ಕೂತಿದ್ದ ದೊಡ್ಡವರೆಲ್ಲ ಸೇರಿ ಹತ್ತು ಹೆಸರು ಹೇಳಲಿಕ್ಕೆ ಒದ್ದಾಡಿದೆವು. ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ.

ನಮ್ಮ ಮನೆಯ ಹಿಂದೆ ಪಾದೆ, ಅಂದರೆ ಕೆಂಪುಕಲ್ಲಿನ ಬಂಡೆ ಬಯಲು. ಬೇಸಿಗೆಯಲ್ಲಿ ಕಾಲಿಡಲಾಗದಷ್ಟು ಕಾಯುತ್ತದೆ. ಮಳೆ ಬಂದರೆ ಕಲ್ಲಿನ ಗುಂಡಿಗುಂಡಿಯಲ್ಲಿ ನೀರು ನಿಂತು, ಸುತ್ತ ಹುಲ್ಲು, ನಡುವೆ ಕೀಟ ಹಿಡಿದು ತಿನ್ನುವ ಗಿಡದ ನೀಲಿ ಹೂ. ಸರಕಾರಿ ಲೆಕ್ಕದಲ್ಲಿ ಇಂಥ ಕೆಂಪುಕಲ್ಲಿನ ನೆಲ ಬಹಳ ಕಡೆ ಬಂಜರು. ಆ ಬಂಜರಿನಲ್ಲೇ ಸಿಕ್ಕಿದ ಒಂದು ಕಪ್ಪೆಗೆ 2016ರಲ್ಲಿ ವಿಜ್ಞಾನಿಗಳು ಹೆಸರಿಟ್ಟರು, ಮೈಕ್ರೋಹೈಲಾ ಲ್ಯಾಟರೈಟ್. ಮಣಿಪಾಲದ ಆಸುಪಾಸಿನ ಪಾದೆಗಳಿಂದಲೇ ಅದು ಲೋಕಕ್ಕೆ ಗೊತ್ತಾದದ್ದು. ಉದ್ದ ಸುಮಾರು 1.6 ಸೆಂಟಿಮೀಟರ್. ಕೂಗಿದರೆ ಜೀರುಂಡೆ ಅಂದುಕೊಳ್ಳಬೇಕು, ಹಾಗಿರುತ್ತದೆ. ನಾನು ಇಲ್ಲಿಗೆ ಮದುವೆಯಾಗಿ ಬಂದು 19 ವರ್ಷ. ಅಷ್ಟೂ ಮಳೆಗಾಲ ಅದನ್ನು ಜೀರುಂಡೆ ಎಂದೇ ಕೇಳಿದ್ದೇನೆ.

ಹಾಗಾಗಿ ನಮ್ಮ ಮನೆಯಿಂದ ಆ ಕಪ್ಪೆಯೇ ಎಂದು ತೀರ್ಮಾನವಾಗಿದೆ. ಆದರೆ ಇಷ್ಟು ಸಣ್ಣದನ್ನು ಎಷ್ಟು ದೊಡ್ಡದು ಮಾಡಬೇಕು? ಎಂತದರಲ್ಲಿ ಮಾಡಬೇಕು? ಥರ್ಮಾಕೋಲ್ ಬೇಡ ಅಂತ ಮನಸ್ಸು. ಗೊತ್ತಿದ್ದವರು ಬಿಡಿಸಿ ಹೇಳಿ.


ಗೂಡುದೀಪ, ಕುದ್ರೋಳಿ | ಸೆಪ್ಟೆಂಬರ್ 2

ಅಕ್ಕಾ, ಗೂಡುದೀಪ ಕಟ್ಟಿ ಗೊತ್ತುಂಟಲ್ಲ? ಅದೇ ಕೆಲಸ. ಬಿದಿರಿನ ದಬ್ಬೆ ಸೀಳಿ ಒಂದು ರಾತ್ರಿ ನೀರಲ್ಲಿ ಹಾಕಿಡಿ, ಬಗ್ಗಿಸಿದರೆ ಮುರಿಯುವುದಿಲ್ಲ. ಮೊದಲು ಮೂರು ಬಳೆ ಮಾಡಿ: ತಲೆಗೆ ಸಣ್ಣದು, ಹೊಟ್ಟೆಗೆ ದೊಡ್ಡದು, ಹಿಂದೆ ನಡುವಿನದ್ದು. ಬೆನ್ನಿಗೆ ಒಂದು, ಹೊಟ್ಟೆಯಡಿಗೆ ಒಂದು, ಎರಡು ಪಕ್ಕೆಗೆ ಎರಡು ಉದ್ದ ದಬ್ಬೆ ಕೊಟ್ಟು ದಾರದಲ್ಲಿ ಬಿಗಿಯಿರಿ. ತಂತಿ ಬೇಡ, ಮಕ್ಕಳ ಕೈ ಕೊಯ್ಯುತ್ತದೆ. ಮೇಲೆ ಹಳೆ ಪೇಪರ್, ಮೈದಾ ಗೋಂದು. ಒಂದು ಪದರ ಪೂರಾ ಒಣಗಿದ ಮೇಲೇ ಇನ್ನೊಂದು. ಅವಸರ ಮಾಡಿದರೆ ಒಳಗೆ ಬೂಷ್ಟು ಹಿಡಿಯುತ್ತದೆ, ನಮ್ಮ ಹವೆ ಗೊತ್ತಲ್ಲ. ಐದು ಪದರ ಸಾಕು.

ಗೋಂದಿಗೆ ಚಿಟಿಕೆ ಮೈಲುತುತ್ತ ಹಾಕಿದರೆ ಹುಳ ತಿನ್ನುವುದಿಲ್ಲ, ಆದರೆ ಅದು ವಿಷ, ಮಕ್ಕಳಿರುವಲ್ಲಿ ಹಾಕಬೇಡಿ. ಹುಣಸೆಬೀಜ ಹುರಿದು, ಸಿಪ್ಪೆ ತೆಗೆದು, ನೆನೆಹಾಕಿ ಅರೆದು ಕುದಿಸಿದರೆ ಬರುವ ಅಂಟು ಮೈದಾಕ್ಕಿಂತ ಗಟ್ಟಿ. ನನ್ನ ಅಜ್ಜ ಅದನ್ನೇ ಬಳಸುತ್ತಿದ್ದರು.

ಕಾಲುಗಳಿಗೆ ಅಡಿಕೆ ಹಾಳೆ. ನೆನೆಸಿದರೆ ಬಟ್ಟೆಯ ಹಾಗೆ ಮಡಚುತ್ತದೆ, ಒಣಗಿದರೆ ಮಡಚಿದ ಆಕಾರದಲ್ಲೇ ನಿಲ್ಲುತ್ತದೆ.


ಎಂಎಸ್ಸಿ ಎರಡನೇವರ್ಷ, ಕೊಣಾಜೆ | ಸೆಪ್ಟೆಂಬರ್ 3

ಗಾತ್ರದ ಬಗ್ಗೆ ನನ್ನ ಸಲಹೆ: 1.6 ಸೆಂಟಿಮೀಟರನ್ನು 1.6 ಮೀಟರ್ ಮಾಡಿ. ಸರಿಯಾಗಿ ನೂರು ಪಟ್ಟು. ಯಾರು ಕೇಳಿದರೂ ಮಕ್ಕಳಿಗೆ ಹೇಳಲು ಸುಲಭ. ಅದೇ ಅಳತೆಯಲ್ಲಿ ನೋಡಿದರೆ ಕಪ್ಪೆಯ ಪಕ್ಕ ನಿಂತ ಮನುಷ್ಯ 160 ಮೀಟರ್ ಎತ್ತರ. ಪಾದೆಯ ಮೇಲೆ ಜೆಸಿಬಿ ಬಂದರೆ ಅದಕ್ಕೆ ಹೇಗೆ ಕಂಡೀತು ಎಂದು ಮಕ್ಕಳೇ ಲೆಕ್ಕ ಹಾಕಲಿ.

ಒಂದು ವಿಷಯ ಗಮನದಲ್ಲಿರಲಿ. 1.6 ಎನ್ನುವುದು ಮೂತಿಯಿಂದ ಬುಡದವರೆಗಿನ ಅಳತೆ, ಕಾಲು ಅದರಲ್ಲಿ ಸೇರಿಲ್ಲ. ಹಾಗಾಗಿ ಹಿಂಗಾಲು ಮಡಚಿ ಕೂತ ಭಂಗಿಯಲ್ಲೇ ಮಾಡಿ, ಇಲ್ಲದಿದ್ದರೆ ನಿಮ್ಮ ಗೇಟಿನಿಂದ ಹೊರಗೆ ಬರಲಿಕ್ಕಿಲ್ಲ. ಇದು ಕಿರುಬಾಯಿ ಕಪ್ಪೆಗಳ ಗುಂಪಿನದು. ತಲೆ ಸಣ್ಣ, ಮೂತಿ ಚೂಪು, ಬಾಯಿ ಚಿಕ್ಕದು. ಕಾರ್ಟೂನಿನ ಹಾಗೆ ಕಿವಿಯಿಂದ ಕಿವಿಗೆ ನಗುವ ಬಾಯಿ ಬರೆದರೆ ಅದು ಬೇರೆ ಯಾವುದೋ ಕಪ್ಪೆಯಾಗುತ್ತದೆ. ಮೈ ತೆಳು ಕಂದು. ಬೆನ್ನ ಮೇಲೆ, ಪಕ್ಕೆಯಲ್ಲಿ, ಕೈಕಾಲುಗಳಲ್ಲಿ ಎದ್ದು ಕಾಣುವ ಕಪ್ಪು ಗುರುತುಗಳು.

ಮುಂಗಾಲಿಗೆ ನಾಲ್ಕೇ ಬೆರಳು, ಹಿಂಗಾಲಿಗೆ ಐದು. ಇದೊಂದು ತಪ್ಪಬಾರದು.


ಸುರತ್ಕಲ್ ಟೀಚರ್ | ಸೆಪ್ಟೆಂಬರ್ 3

ಮಂಗಳೂರಿಗೂ ಒಂದು ಕಪ್ಪೆ ಉಂಟು, ಯಾರೂ ಹೇಳಲಿಲ್ಲ! ಮೈಕ್ರೋಹೈಲಾ ಕೊಡಿಯಾಲ್. 2018ರಲ್ಲಿ ಹೆಸರಾದದ್ದು. ಕೊಡಿಯಾಲ್ ಅಂದರೆ ಕೊಂಕಣಿಯಲ್ಲಿ ಮಂಗಳೂರು. ಸಿಕ್ಕಿದ್ದು ಕಾಡಿನಲ್ಲಲ್ಲ, ಸುತ್ತ ಕಾರ್ಖಾನೆಗಳಿರುವ ಜಾಗದಲ್ಲಿ, ಹಿಂದೆ ಹಡಗಿನಲ್ಲಿ ಬಂದ ಮರದ ದಿಮ್ಮಿಗಳನ್ನು ರಾಶಿ ಹಾಕುತ್ತಿದ್ದ ಅಂಗಳದಲ್ಲಿ. ಇದರ ಹತ್ತಿರದ ಬಂಧುಗಳು ಆಗ್ನೇಯ ಏಷ್ಯಾದ ಕಪ್ಪೆಗಳಾದ್ದರಿಂದ, ಆ ಮರದ ಜೊತೆಗೇ ಇದರ ಪೂರ್ವಿಕರು ಸಮುದ್ರ ದಾಟಿ ಬಂದಿರಬಹುದೇ ಎಂದೂ ವಿಜ್ಞಾನಿಗಳು ಯೋಚಿಸಿದ್ದಾರೆ. ನನ್ನ ತರಗತಿಯಲ್ಲಿ ಇದನ್ನು ಹೇಳಿದ ದಿನ ಒಬ್ಬಳು ಹುಡುಗಿ, "ಟೀಚರ್, ಅದು ಕೂಡ ನಮ್ಮ ಹಾಗೆ ಬಾಡಿಗೆ ಮನೆಯಲ್ಲಿ ಇದೆಯಾ?" ಎಂದಳು. ಅವರ ತಂದೆ ಬಂದರಿನ ಕೆಲಸಕ್ಕೆ ಬೇರೆ ರಾಜ್ಯದಿಂದ ಬಂದವರು.

ನಿಮ್ಮ ಮೆರವಣಿಗೆಗೆ ಮಂಗಳೂರಿನವರು ಬರಬಹುದಾದರೆ ಹೇಳಿ. ನಾವು ಐದಾರು ಮಂದಿ ಈ ಕೊಡಿಯಾಲದವನನ್ನು ಹೊತ್ತು ಬರುತ್ತೇವೆ.


ಪಾದೆಪಕ್ಕದಮನೆ, ಮಣಿಪಾಲ | ಸೆಪ್ಟೆಂಬರ್ 3

ಖಂಡಿತ ಬನ್ನಿ ಟೀಚರ್. ಎರಡು ಕಪ್ಪೆ ಅಕ್ಕಪಕ್ಕ ನಡೆದರೆ ನನಗೆ ಬೇರೆ ಏನೂ ಬೇಡ. ಮಗಳು ಈಗಾಗಲೇ ಚಿತ್ರ ಬರೆದು ಇಟ್ಟಿದ್ದಾಳೆ, ಮುಂಗಾಲಿಗೆ ಐದು ಬೆರಳು! ಕೊಣಾಜೆಯವರ ಸಾಲು ಓದಿಸಿದೆ. ಅಳಿಸಿ ಕೂತಿದ್ದಾಳೆ.


ತಾಸೆಪೆಟ್ಟು, ಉಡುಪಿ | ಸೆಪ್ಟೆಂಬರ್ 4

ಕಪ್ಪೆ ಒಳ್ಳೆಯದೇ. ಆದರೆ ನಮ್ಮ ಊರಲ್ಲಿ ಹುಲಿ ಇಲ್ಲದ ಮೆರವಣಿಗೆ ಎಂತ ಮೆರವಣಿಗೆ ಮಾರಾಯ್ರೆ? ಅಷ್ಟಮಿಗೆ, ವಿಟ್ಲಪಿಂಡಿಗೆ ರಥಬೀದಿಯಲ್ಲಿ ಹುಲಿ ಕುಣಿಯದಿದ್ದರೆ ಮಕ್ಕಳು ಊಟ ಮಾಡ್ತಾರಾ? ನಾನು ಹನ್ನೊಂದು ವರ್ಷ ಹುಲಿವೇಷದ ಬಣ್ಣ ಹಾಕಿದವ. ನೀವು ಚೀಟಿಯಲ್ಲಿ 9 ಹುಲಿ ಬಂತು ಅಂತ ಬೇಜಾರು ಮಾಡಿಕೊಂಡದ್ದು ಓದಿ ನನಗೂ ಸ್ವಲ್ಪ ಬೇಜಾರಾಯ್ತು, ಇದ್ದದ್ದು ಹೇಳ್ತೇನೆ.


ಪಾದೆಪಕ್ಕದಮನೆ, ಮಣಿಪಾಲ | ಸೆಪ್ಟೆಂಬರ್ 4

ಅಣ್ಣಾ, ಹುಲಿ ಬೇಡ ಅಂತಲ್ಲ. ಹುಲಿಯನ್ನು ಪ್ರತಿ ವರ್ಷ ಹೆಗಲ ಮೇಲೆ ಹೊತ್ತು ತೋರಿಸುವವರು ನೀವು ಇದ್ದೀರಿ. ಕಪ್ಪೆಗೆ ಯಾರೂ ಇಲ್ಲ, ಅಷ್ಟೇ ನನ್ನ ಸಂಕಟ. ನೀವು ಹುಲಿ ಬಣ್ಣ ಹಾಕಿಕೊಂಡು ನಮ್ಮ ಜೊತೆ ನಡೆಯುವುದಾದರೆ ಎಲ್ಲರಿಗಿಂತ ಮುಂದೆ ನೀವೇ.


ತಾಸೆಪೆಟ್ಟು, ಉಡುಪಿ | ಸೆಪ್ಟೆಂಬರ್ 5

ಒಂದು ರಾತ್ರಿ ಯೋಚನೆ ಮಾಡಿದೆ. ವೇಷ ಹಾಕಿ ಬರುವುದಕ್ಕೆ ಆಗುವುದಿಲ್ಲ. ನಮ್ಮ ತಂಡದಲ್ಲಿ ವೇಷ ಅಂದರೆ ಹರಕೆ. ಹಿಂದಿನ ರಾತ್ರಿ ಊದುಪೂಜೆ ಆಗಬೇಕು, ವ್ರತ ಇರಬೇಕು. ಬೇರೆ ತಂಡದವರು ಬೇರೆ ಹೇಳಬಹುದು, ನಾನು ನನ್ನ ಮನಸ್ಸಿನದ್ದು ಹೇಳಿದೆ.

ಆದರೆ ಬಣ್ಣ ಕಲಿಸಿಕೊಡುತ್ತೇನೆ. ಮೈಗೆ ಮೊದಲು ಹಳದಿ ಒಂದೇ ಸಮ ಹೊಡೆದು ಒಣಗಲು ಬಿಡುತ್ತೇವೆ. ಎರಡು ಕೈಗೂ ಕೋಲಿನ ಆಸರೆ ಕೊಟ್ಟು ಗಂಟೆಗಟ್ಟಲೆ ನಿಂತೇ ಇರುವುದು. ಆಮೇಲೆ ಪಟ್ಟೆ. ಹೊಸಬರು ತಪ್ಪು ಮಾಡುವುದು ಎಲ್ಲಿ ಗೊತ್ತುಂಟಾ? ಎಡಪಕ್ಕೆಯ ಪಟ್ಟೆಯನ್ನೇ ನೋಡಿ ನೋಡಿ ಬಲಪಕ್ಕೆಗೆ ಇಳಿಸುತ್ತಾರೆ. ನಿಜವಾದ ಹುಲಿಗೆ ಎರಡು ಕಡೆ ಒಂದೇ ನಮೂನೆ ಇರುವುದಿಲ್ಲ. ನಿಮ್ಮ ಕಪ್ಪೆಯ ಬೆನ್ನ ಗುರುತಿಗೂ ಹಾಗೇ ಬ್ರಷ್ ಬಿಡಬೇಕು, ಒಂದೇ ಎಳೆತದಲ್ಲಿ, ತಿದ್ದಬಾರದು. ಶನಿವಾರ ಸಂಜೆ ಬರುತ್ತೇನೆ. ವಿಳಾಸ ಖಾಸಗಿಯಾಗಿ ಕಳಿಸಿ.


ಬಲೆಮನೆ, ಮಲ್ಪೆ | ಸೆಪ್ಟೆಂಬರ್ 6

ಮೇಲೆ ಪಟ್ಟೆಯ ಬಗ್ಗೆ ಹೇಳಿದ್ದು ಓದಿ ನನಗೆ ಕಡಲಾಮೆ ನೆನಪಾಯ್ತು. ನಮ್ಮ ಕಡೆ ಮೊಟ್ಟೆ ಇಡಲಿಕ್ಕೆ ಬರುವುದು ಆಲಿವ್ ರಿಡ್ಲಿ. ಅದರ ಬೆನ್ನ ಚಿಪ್ಪಿನಲ್ಲಿ ಪಕ್ಕದ ಫಲಕಗಳನ್ನು ಎಣಿಸಿ ನೋಡಿ. ಬೇರೆ ಆಮೆಗಳಿಗೆ ನಾಲ್ಕೋ ಐದೋ ಜೊತೆ, ಎರಡು ಕಡೆ ಸಮ. ಇದಕ್ಕೆ ಆರು, ಏಳು, ಇನ್ನೂ ಹೆಚ್ಚು. ಎಷ್ಟೋ ಸಲ ಎಡಕ್ಕೆ ಆರಿದ್ದರೆ ಬಲಕ್ಕೆ ಏಳು. ಅಪ್ಪ ದೋಣಿಯಲ್ಲಿ ನನಗೆ ತೋರಿಸಿದ್ದು, ಬಲೆಗೆ ಸಿಕ್ಕಿದ್ದನ್ನು ಬಿಡಿಸಿ ಕಡಲಿಗೆ ಬಿಡುವ ಮೊದಲು. ನಾನಾಗ ಆರನೇ ಕ್ಲಾಸು. ಕಣ್ಣಿನಿಂದ ನೀರು ಇಳಿಯುತ್ತಿತ್ತು ಅದಕ್ಕೆ. ಮೈಯ ಉಪ್ಪನ್ನು ಹೊರಗೆ ಹಾಕುವುದು ಹಾಗೆ ಅಂತ ಈಗ ಗೊತ್ತು. ಅವತ್ತು ಅಳುತ್ತದೆ ಅಂದುಕೊಂಡು ನಾನೂ ಅತ್ತಿದ್ದೆ.

2024ರ ಆರಂಭದಲ್ಲಿ ಮಂಗಳೂರಿನ ಸಸಿಹಿತ್ಲು, ತಣ್ಣೀರುಬಾವಿ ಕಡೆ ಗೂಡು ಸಿಕ್ಕಿ ಅರಣ್ಯ ಇಲಾಖೆಯವರು ಬೇಲಿ ಕಟ್ಟಿ ಕಾದರಲ್ಲ, ಆ ಸುದ್ದಿ ಕೇಳಿ ನಮ್ಮ ದಕ್ಕೆಯಲ್ಲಿ ತುಂಬ ಮಾತಾಯ್ತು. ಒಂದು ಗೂಡಿಗೆ ನೂರರ ಲೆಕ್ಕದಲ್ಲಿ ಮೊಟ್ಟೆ, ಮರಿ ಬರಲಿಕ್ಕೆ 45ರಿಂದ 60 ದಿನ, ಮರಿ ಹೆಣ್ಣೋ ಗಂಡೋ ಎನ್ನುವುದು ಮರಳಿನ ಬಿಸಿಯ ಮೇಲೆ.

ನಮ್ಮ ಮನೆಯಿಂದ ಆಮೆ ತರುತ್ತೇವೆ. ಚಿಪ್ಪಿಗೆ ಹರಿದ ಬಲೆ. ಮಳೆಗಾಲದ 61 ದಿನದ ಮೀನುಗಾರಿಕೆ ರಜೆಯಲ್ಲಿ ರಿಪೇರಿ ಮಾಡಿ ಆಗದೆ ಬಿಸಾಡಿದ್ದು ರಾಶಿ ಉಂಟು. ಅದೇ ಬಲೆ ಕಡಲಿಗೆ ಹೋದರೆ ಆಮೆಯ ಕುತ್ತಿಗೆಗೆ ಸುತ್ತುತ್ತದೆ, ನಮ್ಮ ಕೈಯಲ್ಲಿ ಚಿಪ್ಪಾಗಲಿ.

ಮತ್ತೆ, ಮಳೆಗೆ ತಡೆಯಬೇಕಾದರೆ ಗೇರು ಎಣ್ಣೆ ಹಚ್ಚಿ. ದೋಣಿಗೆ ಹಚ್ಚುವುದು ಅದೇ.


ಗೂಡುದೀಪ, ಕುದ್ರೋಳಿ | ಸೆಪ್ಟೆಂಬರ್ 6

ಗೇರು ಎಣ್ಣೆ ಬೇಡವೇ ಬೇಡ. ಮರದ ದೋಣಿಗೆ ಸರಿ, ಮಕ್ಕಳು ಮುಟ್ಟುವುದಕ್ಕೆ ಅಲ್ಲ. ಬೀಜದ ಸಿಪ್ಪೆಯ ಎಣ್ಣೆ ಚರ್ಮಕ್ಕೆ ತಾಗಿದರೆ ಬೊಬ್ಬೆ ಏಳುತ್ತದೆ. ಗೇರುಬೀಜ ಸುಟ್ಟು ತಿಂದವರಿಗೆಲ್ಲ ಇದು ಗೊತ್ತಿರಬೇಕು. ಜೇನುಮೇಣ ಕರಗಿಸಿ ಬಟ್ಟೆಯಲ್ಲಿ ಉಜ್ಜಿ. ಪೂರಾ ಮಳೆಗೆ ತಡೆಯುವುದಿಲ್ಲ, ತುಂತುರಿಗೆ ತಡೆಯುತ್ತದೆ.


ಬಲೆಮನೆ, ಮಲ್ಪೆ | ಸೆಪ್ಟೆಂಬರ್ 6

ಹೌದು, ಅದು ನೆನಪಿಗೆ ಬರಲಿಲ್ಲ. ತಪ್ಪಾಯ್ತು.


ಗದ್ದೆಬದು, ಹಿರಿಯಡಕ | ಸೆಪ್ಟೆಂಬರ್ 9

ಎಲ್ಲ ಓದಿದೆ. ಪೇಟೆಯವರಿಗೆ ಇದೆಲ್ಲ ಚಂದ. ನಮ್ಮ ಏಣೆಲು ಬೆಳೆ, ಅಂದರೆ ಮಳೆಗಾಲದ ಭತ್ತ, ಅಕ್ಟೋಬರಿನಲ್ಲಿ ತೆನೆ ಬಾಗಿ ನಿಂತಿರುತ್ತದೆ. ಕಟಾವಿಗೆ ಎಂಟು ದಿನ ಉಂಟು ಅನ್ನುವಾಗ ಕಾಡುಹಂದಿ ಒಂದು ರಾತ್ರಿ ಇಳಿದರೆ ಬೆಳಿಗ್ಗೆ ಗದ್ದೆ ಮಗುಚಿ ಹಾಕಿದ ಹಾಗೆ. ಹಗಲು ನವಿಲು. ಹೋದ ವರ್ಷ ನನಗೆ ಅಕ್ಕಿ ಮನೆಗೆ ಸಾಲದೆ ಅಂಗಡಿಯಿಂದ ತಂದದ್ದು, ನನ್ನ ಜೀವನದಲ್ಲಿ ಮೊದಲ ಸಲ. ಪರಿಹಾರಕ್ಕೆ ಅರ್ಜಿ ಹಿಡಿದುಕೊಂಡು ಎಷ್ಟು ಸಲ ಅಲೆದೆ ಅಂತ ಲೆಕ್ಕ ಇಟ್ಟಿಲ್ಲ. ನೀವು ನವಿಲನ್ನು ಹೊತ್ತು ಕುಣಿಯುವಾಗ ನಾವು ರಸ್ತೆ ಬದಿಯಲ್ಲಿ ನಿಂತು ಚಪ್ಪಾಳೆ ತಟ್ಟಬೇಕಾ?


ಪಾದೆಪಕ್ಕದಮನೆ, ಮಣಿಪಾಲ | ಸೆಪ್ಟೆಂಬರ್ 9

ಇದಕ್ಕೆ ತಟ್ಟನೆ ಉತ್ತರ ಬರೆಯಬಾರದು ಅನ್ನಿಸಿ ಸಂಜೆಯವರೆಗೆ ಕಾದೆ. ನೀವು ಹೇಳಿದ್ದರಲ್ಲಿ ಒಂದು ಮಾತೂ ಸುಳ್ಳಲ್ಲ. ನನ್ನ ತವರು ಪೆರ್ಡೂರಿನ ಹತ್ತಿರ, ರಾತ್ರಿ ಡಬ್ಬ ಬಡಿಯುತ್ತಾ ಗದ್ದೆ ಕಾದವರ ಮನೆಯವಳೇ ನಾನು. ಮೆರವಣಿಗೆಯಲ್ಲಿ ಪ್ರಾಣಿಗಳನ್ನು ಮಾತ್ರ ತೋರಿಸಿ, ಅವುಗಳ ಜೊತೆ ಬದುಕಬೇಕಾದವರನ್ನು ಬಿಟ್ಟರೆ ಅದು ಅರ್ಧ ಸತ್ಯವಾಗುತ್ತದೆ. ನೀವು ಬರುವುದಾದರೆ ನಿಮಗೆ ಸರಿ ಕಂಡದ್ದನ್ನು ಹೊತ್ತು ಬನ್ನಿ. ಚಪ್ಪಾಳೆ ತಟ್ಟಲು ಕರೆಯುತ್ತಿಲ್ಲ.


ಗದ್ದೆಬದು, ಹಿರಿಯಡಕ | ಸೆಪ್ಟೆಂಬರ್ 11

ಬೆರ್ಚಪ್ಪನನ್ನು, ಅಂದರೆ ಬೆದರುಬೊಂಬೆಯನ್ನು ತರುತ್ತೇನೆ. ನನ್ನ ಗದ್ದೆಯಲ್ಲಿ ನಿಂತವನನ್ನೇ, ಅದೇ ಅಂಗಿಯಲ್ಲಿ. ಕಾಡುಹಂದಿ ಮಾಡುವವರು ಯಾರಾದರೂ ಇದ್ದರೆ ಅದರ ಪಕ್ಕದಲ್ಲಿ ನಡೆಯುತ್ತೇನೆ.


ಹಾಳೆಟೊಪ್ಪಿ, ಕಾರ್ಕಳ | ಸೆಪ್ಟೆಂಬರ್ 11

ಹಂದಿ ನಾವು ಮಾಡುತ್ತೇವೆ. ಒಂದು ವಿನಂತಿ ಮಾತ್ರ: ಹಂದಿಯನ್ನು ಹಂದಿಯಾಗಿ ಮಾಡೋಣ, ಹುಲಿಯನ್ನು ಹುಲಿಯಾಗಿ ಮಾಡೋಣ. ಹಂದಿಯ ದೈವ ಪಂಜುರ್ಲಿಯ ಮುಖವಾಡ, ಹುಲಿಯ ದೈವ ಪಿಲಿಚಾಮುಂಡಿಯ ಅಣಿ, ಇಂಥದ್ದು ಯಾವುದೂ ಬೇಡ. ದೈವಕ್ಕೆ ಅದರದ್ದೇ ಜಾಗ, ಅದರದ್ದೇ ಹೊತ್ತು, ಅದರದ್ದೇ ಜನ ಉಂಟು. ನಾಲ್ಕು ಜನ ನೋಡಲಿ ಎಂದು ಬೀದಿಗೆ ತರುವಂಥದ್ದಲ್ಲ. ಮಕ್ಕಳಿಗೆ ಗೊತ್ತಿರುವುದಿಲ್ಲ, ಮೊದಲೇ ಹೇಳಿಬಿಡುವುದು ಒಳ್ಳೆಯದು.


ಪಾದೆಪಕ್ಕದಮನೆ, ಮಣಿಪಾಲ | ಸೆಪ್ಟೆಂಬರ್ 12

ಒಪ್ಪಿದೆ. ಎಲ್ಲ ಮನೆಗೂ ತಿಳಿಸಿದ್ದೇನೆ.

ಇನ್ನೊಂದು ಪೇಚು ಬಂದಿದೆ. ಒಬ್ಬ ಅಂಗಡಿಯವರು ಪಾನಕ, ತಿಂಡಿಯ ಖರ್ಚು ಪೂರಾ ಕೊಡುತ್ತೇನೆ ಎಂದಿದ್ದಾರೆ. ಬದಲಿಗೆ ಮುಂದೆ ಅವರ ಹೆಸರಿನ ಬ್ಯಾನರ್. ನಮ್ಮಲ್ಲಿ ಅರ್ಧ ಮಂದಿ ಇರಲಿ ಬಿಡಿ, ದುಡ್ಡು ಬೇಕಲ್ಲ ಅನ್ನುತ್ತಾರೆ.


ಎಂಎಸ್ಸಿ ಎರಡನೇವರ್ಷ, ಕೊಣಾಜೆ | ಸೆಪ್ಟೆಂಬರ್ 12

ಫ್ಲೆಕ್ಸ್ ಬ್ಯಾನರಿಗೆ 2016ರಿಂದಲೇ ರಾಜ್ಯದಲ್ಲಿ ನಿಷೇಧ ಉಂಟು, ಅದು ಒಂದು. ಇನ್ನೊಂದು: ಅಮೆರಿಕದ ವಾಷಿಂಗ್ಟನ್ ರಾಜ್ಯದ ಒಲಿಂಪಿಯಾ ಎಂಬ ಊರಿನಲ್ಲಿ 1995ರಲ್ಲಿ ಇಂಥದ್ದೇ ಒಂದು ಮೆರವಣಿಗೆ ಶುರುವಾಯಿತು, ಭೂಮಿ ದಿನದ ಲೆಕ್ಕದಲ್ಲಿ, ಏಪ್ರಿಲಿನಲ್ಲಿ. ಊರವರೇ ಜೀವಿಗಳನ್ನು ಮಾಡಿ ಹೊತ್ತು ನಡೆಯುವುದು. ಅಲ್ಲಿ ಮೂರು ಕಟ್ಟಳೆ: ಬರೆದ ಅಕ್ಷರ ಇರಬಾರದು, ಜೀವಂತ ಪ್ರಾಣಿ ಇರಬಾರದು, ಮೋಟಾರು ವಾಹನ ಇರಬಾರದು. ಗಾಲಿಕುರ್ಚಿಗೆ ಮಾತ್ರ ವಿನಾಯಿತಿ. ಅಕ್ಷರವೇ ಇಲ್ಲ ಎಂದರೆ ಅಂಗಡಿಯವರಿಗೂ ಬೇಜಾರಿಲ್ಲ, ರಾಜಕೀಯದವರಿಗೂ ಬೇಜಾರಿಲ್ಲ, ಎಲ್ಲರಿಗೂ ಒಂದೇ ನ್ಯಾಯ.


ಸುರತ್ಕಲ್ ಟೀಚರ್ | ಸೆಪ್ಟೆಂಬರ್ 12

ಅಕ್ಷರ ಇಲ್ಲದಿದ್ದರೆ ನೋಡುವವರಿಗೆ ಇದು ಯಾವ ಕಪ್ಪೆ ಎಂದು ಹೇಗೆ ಗೊತ್ತಾಗುತ್ತದೆ? ಹೆಸರಿನ ಸಣ್ಣ ಫಲಕವಾದರೂ ಬೇಡವೇ?


ತಾಸೆಪೆಟ್ಟು, ಉಡುಪಿ | ಸೆಪ್ಟೆಂಬರ್ 12

ಹುಲಿಗೆ ನಾವು ಹುಲಿ ಅಂತ ಬರೆದು ಕುಣಿಸ್ತೇವಾ ಟೀಚರ್? ಗೊತ್ತಿಲ್ಲದವರು ಕೇಳಲಿ. ಮಕ್ಕಳು ಹೇಳಲಿ.


ಸುರತ್ಕಲ್ ಟೀಚರ್ | ಸೆಪ್ಟೆಂಬರ್ 12

ಸರಿ. ಈ ಮಾತಿಗೆ ನನ್ನಲ್ಲಿ ಉತ್ತರವಿಲ್ಲ.


ಪಾದೆಪಕ್ಕದಮನೆ, ಮಣಿಪಾಲ | ಸೆಪ್ಟೆಂಬರ್ 20

ಕೆಲಸದ ವರದಿ. ಚೀಟಿ ಎರಡನೇ ಸಲ ಬರೆಸಿದೆವು. ಈಗ ಹುಲಿ 3, ನವಿಲು 2. ಉಳಿದದ್ದು ಕೇಳಿ: ಮಂಗಟ್ಟೆ, ಚಿಪ್ಪುಹಂದಿ, ನೀರುನಾಯಿ, ಕೆಂಬೂತ, ಗರುಡ, ಕೆಂದಳಿಲು, ಪುನುಗು ಬೆಕ್ಕು, ಏಡಿ. ಸಿಂಹದ ಹುಡುಗ ಹಾರುವ ಓತಿ ಆರಿಸಿಕೊಂಡ. ಅವನ ಅಜ್ಜನ ಅಡಿಕೆ ತೋಟದಲ್ಲಿ ಮರದಿಂದ ಮರಕ್ಕೆ ತೇಲುವುದನ್ನು ನೋಡಿದ್ದಾನಂತೆ, ಆದರೆ ಅದನ್ನು ಯಾರೂ "ವನ್ಯಜೀವಿ" ಎಂದು ಹೇಳಿಕೊಟ್ಟಿರಲಿಲ್ಲ. ರೆಕ್ಕೆಗೆ ಹಳೆ ಕೊಡೆ ಬಿಚ್ಚಿದೆವು. ಬಿಚ್ಚುವಾಗ ಅವನ ತಾಯಿ ಹೇಳಿದರು, ನಿಜವಾದ ಓತಿಯ ರೆಕ್ಕೆಯೂ ಹೀಗೇ, ಉದ್ದಕ್ಕೆ ಚಾಚಿದ ಪಕ್ಕೆಲುಬುಗಳ ಮೇಲೆ ಹರಡಿದ ಚರ್ಮ ಎಂದು. ಕೊಡೆಯ ಕಡ್ಡಿ ಒಂದೊಂದನ್ನೇ ಹಿಡಿದು ಅವನು ತನ್ನ ಪಕ್ಕೆ ಮುಟ್ಟಿ ನೋಡಿಕೊಂಡ. ಗಂಟಲಿನ ಹಳದಿ ಚೀಲಕ್ಕೆ ಅಜ್ಜಿಯ ಸೀರೆಯ ತುಂಡು.

ಕಪ್ಪೆಗೆ ಬಣ್ಣ ಯಾವುದು ಎಂದು ಎರಡು ದಿನ ಚರ್ಚೆ. ಕೊನೆಗೆ ಪಾದೆಯ ಮಣ್ಣನ್ನೇ ತಂದು, ಮೂರು ಸಲ ಜರಡಿ ಹಿಡಿದು, ಬಟ್ಟೆಯಲ್ಲಿ ಸೋಸಿ, ಸ್ವಲ್ಪ ಸುಣ್ಣದಲ್ಲಿ ತಿಳಿ ಮಾಡಿ ಹುಣಸೆ ಅಂಟಿನಲ್ಲಿ ಕಲಸಿದೆವು. ಕಪ್ಪಿಗೆ ಗೆರಟೆ ಸುಟ್ಟ ಮಸಿ. ತಾಸೆಪೆಟ್ಟು ಅಣ್ಣ ಬಂದು ಬೆನ್ನಿನ ಗುರುತುಗಳನ್ನು ಎಳೆದರು. ಎಳೆಯುವ ಮೊದಲು ಐದು ನಿಮಿಷ ಸುಮ್ಮನೆ ಫೋಟೋ ನೋಡುತ್ತಾ ಕೂತರು, ಆಮೇಲೆ ಉಸಿರು ಹಿಡಿದು ಒಂದೇ ಎಳೆತ. ಮಕ್ಕಳೂ ಉಸಿರು ಹಿಡಿದಿದ್ದರು.

ಈಗ ಕೂಗು. ಧ್ವನಿವರ್ಧಕ ಬೇಡ. ಏನು ಮಾಡಬಹುದು?


ಗೂಡುದೀಪ, ಕುದ್ರೋಳಿ | ಸೆಪ್ಟೆಂಬರ್ 20

ಬಿದಿರ ತುಂಡಿನ ಮೇಲೆ ಒತ್ತೊತ್ತಾಗಿ ಕಚ್ಚು ಹಾಕಿ, ತೆಳು ಕಡ್ಡಿಯಿಂದ ಎಳೆಯಿರಿ. ಕಚ್ಚು ಹತ್ತಿರ ಇದ್ದಷ್ಟೂ ಸ್ವರ ಸಣ್ಣ. ಒಬ್ಬೊಬ್ಬರಿಗೆ ಒಂದೊಂದು ಕೊಡಿ.


ಪಾದೆಪಕ್ಕದಮನೆ, ಮಣಿಪಾಲ | ಮೆರವಣಿಗೆಗೆ ಎರಡು ದಿನ ಮೊದಲು, ರಾತ್ರಿ 11

ದುಃಖದ ಸುದ್ದಿ. ಎಲ್ಲ ಮೂರ್ತಿಗಳನ್ನು ಇಡಲು ಒಂದು ಸಂಸ್ಥೆಯವರು ಸಭಾಂಗಣ ಕೊಡುತ್ತೇವೆ ಎಂದಿದ್ದರು. ಸಂಜೆ ಹೊತ್ತುಕೊಂಡು ಹೋದರೆ ಬೀಗ. ಫೋನ್ ತೆಗೆಯಲಿಲ್ಲ. ವಾಪಸ್ ತರುವ ದಾರಿಯಲ್ಲಿ ಗುಡುಗು ಮಳೆ. ಓತಿ, ಆಮೆ, ಗರುಡಕ್ಕೆ ಏನೂ ಆಗಲಿಲ್ಲ. ಕಪ್ಪೆಯ ಎಡಪಕ್ಕೆ ಪೂರಾ ಮೆತ್ತಗಾಗಿ ಒಳಗೆ ಕುಸಿದಿದೆ, ಬಣ್ಣ ಇಳಿದು ಅಂಗಳವೆಲ್ಲ ಕೆಂಪು. ಮಗಳು ಮಾತಾಡುತ್ತಿಲ್ಲ.


ಗೂಡುದೀಪ, ಕುದ್ರೋಳಿ | ರಾತ್ರಿ 11.10

ಒದ್ದೆ ಪೇಪರನ್ನು ಕೀಳಬೇಡಿ. ಒಳಗೆ ಬಿದಿರು ಸರಿ ಉಂಟಾ ನೋಡಿ. ಸರಿ ಇದ್ದರೆ ಏನೂ ಆಗಲಿಲ್ಲ ಎಂದೇ ಲೆಕ್ಕ. ಬಚ್ಚಲಲ್ಲಿ ಸೌದೆ ಒಲೆ ಉಂಟಾ? ಹಂಡೆ ಒಲೆಯಿಂದ ನಾಲ್ಕು ಅಡಿ ದೂರದಲ್ಲಿ ಇಡಿ, ಗಂಟೆಗೊಮ್ಮೆ ತಿರುಗಿಸಿ. ಬಿಸಿ ಸಾಕು, ಬೆಂಕಿ ಕಾಣಬಾರದು. ಒಬ್ಬರು ಎಚ್ಚರ ಇರಲೇಬೇಕು.


ಬಲೆಮನೆ, ಮಲ್ಪೆ | ರಾತ್ರಿ 11.25

ನಾನು ಬರುತ್ತಾ ಇದ್ದೇನೆ. ಎಚ್ಚರ ಇರುವುದು ನಮಗೆ ಅಭ್ಯಾಸ.


ಪಾದೆಪಕ್ಕದಮನೆ, ಮಣಿಪಾಲ | ಮೆರವಣಿಗೆಯ ದಿನ, ರಾತ್ರಿ

ಆಯಿತು! ಬೆಳಿಗ್ಗೆ ಏಳೂವರೆಗೆ ಹೊರಟು ಒಂಬತ್ತಕ್ಕೆ ಕೆರೆ ತಲುಪಿದೆವು. ಬಿಸಿಲಿತ್ತು. ಕಪ್ಪೆಯ ಎಡಪಕ್ಕೆಯಲ್ಲಿ ಮೊದಲಿನ ಗುರುತುಗಳಿಲ್ಲ. ಮಗಳೇ ಹೊಸದಾಗಿ ಎಳೆದಳು, ಒಂದೇ ಎಳೆತದಲ್ಲಿ. ನಾಲ್ವರು ಬಿದಿರಿನ ಮೇಲೆ ಹೊತ್ತರು.

ಎಲ್ಲವನ್ನೂ ಬರೆಯಲು ಕೈ ಸಾಲದು. ಹಿರಿಯಡಕದವರ ಬೆರ್ಚಪ್ಪ ಕಾಡುಹಂದಿಯ ಪಕ್ಕದಲ್ಲೇ ನಡೆದ. ಇಬ್ಬರನ್ನೂ ನೋಡಿ ರಸ್ತೆ ಬದಿಯ ಹಣ್ಣುಹಣ್ಣು ಮುದುಕರೊಬ್ಬರು ಎದ್ದು ನಿಂತು, ಬೆರ್ಚಪ್ಪನನ್ನು ಹೊತ್ತವರ ಕೈ ಹಿಡಿದು ಎಷ್ಟೋ ಹೊತ್ತು ಮಾತಾಡಿದರು. ಏನು ಮಾತೆಂದು ನಾನು ಕೇಳಲಿಲ್ಲ. ಮಲ್ಪೆಯ ಆಮೆ ಇದ್ದಷ್ಟೇ ಗಾತ್ರದ್ದು, ಎರಡು ಅಡಿ ಚಿಲ್ಲರೆ, ಮಕ್ಕಳು ಚಿಪ್ಪಿನ ಫಲಕ ಎಣಿಸಲು ಮುಗಿಬಿದ್ದರು: ಎಡಕ್ಕೆ ಆರು, ಬಲಕ್ಕೆ ಏಳು. ಸುರತ್ಕಲ್ ಟೀಚರ ಕೊಡಿಯಾಲ್ ಕಪ್ಪೆಯ ಮುಂದಿನ ಬಿದಿರು ಹಿಡಿದದ್ದು ಆ ಬಾಡಿಗೆ ಮನೆಯ ಹುಡುಗಿ.

ಕೆರೆಯ ಹತ್ತಿರ ಇಪ್ಪತ್ತೆರಡು ಮಕ್ಕಳು ಒಟ್ಟಿಗೆ ಬಿದಿರು ಉಜ್ಜಿದರು. ಕಿರ್ರ್, ಕಿರ್ರ್, ಒಬ್ಬರದ್ದು ನಿಲ್ಲುವಾಗ ಇನ್ನೊಬ್ಬರದ್ದು. ಮಾತಾಡುತ್ತಿದ್ದವರೆಲ್ಲ ಸುಮ್ಮನಾದರು. ಆಗ ಕಟ್ಟಡದ ಕೆಲಸಕ್ಕೆ ಹೊರಟಿದ್ದ ನಾಲ್ಕೈದು ಜನ ನಿಂತರು. ಅವರಲ್ಲೊಬ್ಬರು ಕಪ್ಪೆಯ ಸುತ್ತ ಒಂದು ಸುತ್ತು ಬಂದು ಮಗಳನ್ನು ಕೇಳಿದರು, "ಇದು ಯಾವ್ ಕಪ್ಪಿ ಬೇ?" ಅವಳು ಹೇಳಿದಳು: ಪಾದೆಯದ್ದು, ಇಷ್ಟೇ ಇರುತ್ತದೆ, ಎಂದು ಹೆಬ್ಬೆರಳಿನ ಉಗುರು ತೋರಿಸಿದಳು. ಅವರು ಬಗ್ಗಿ ಬೆನ್ನಿನ ಗುರುತನ್ನು ನೋಡಿ, "ಇಂಥಾವು ನಮ್ಮ ಕಲ್ಲಿನ ಕ್ವಾರಿ ನೀರಾಗ ಭಾಳ ನೋಡೇನ್ರಿ. ಮಳಿ ಬಂದ ರಾತ್ರಿ ಮಲಗಾಕ ಬಿಡಾಂಗಿಲ್ಲ" ಎಂದರು. ವಿಜಯಪುರದ ಕಡೆಯವರು, ಏಳು ವರ್ಷದಿಂದ ಇಲ್ಲಿಯ ಕೋರೆಗಳಲ್ಲಿ ಕೆಂಪುಕಲ್ಲು ಕೊಯ್ಯುತ್ತಾರೆ. ಅವರು ಕಂಡದ್ದು ಇದೇ ಕಪ್ಪೆಯೋ ಇದರ ಬಂಧುವೋ ನಾನು ಹೇಳಲಾರೆ. ಆದರೆ ರಾತ್ರಿಯ ಸ್ವರವನ್ನು ಕಪ್ಪೆಯದ್ದೆಂದು ಗುರುತು ಹಿಡಿದವರು ಅವರು. ಹಲಗೆಯಲ್ಲಿ ಹೆಸರು ಬರೆದಿದ್ದರೆ ಅವರು ಕೇಳುತ್ತಿರಲಿಲ್ಲ, ನಮಗೂ ಇದು ಗೊತ್ತಾಗುತ್ತಿರಲಿಲ್ಲ.

ಪಾನಕದ ಖರ್ಚು ಮನೆಗೆ ನೂರು ರೂಪಾಯಿಯಂತೆ ಹಾಕಿ ಮುಗಿಯಿತು.


ಎಂಎಸ್ಸಿ ಎರಡನೇವರ್ಷ, ಕೊಣಾಜೆ | ಮರುದಿನ

ಆ ಕೋರೆಯವರ ಮಾತು ಅಮೂಲ್ಯ. ಯಾವ ಕೋರೆ, ಯಾವ ತಿಂಗಳು ಎಂದು ಬರೆದಿಟ್ಟುಕೊಳ್ಳಿ. ಹೊಸ ಮಳೆಗೆ ಹೋಗಿ ನೋಡಬಹುದು.


ಪಾದೆಪಕ್ಕದಮನೆ, ಮಣಿಪಾಲ | ಜೂನ್ 14

ಹಳೆಯ ಚರ್ಚೆಯನ್ನು ಮತ್ತೆ ಮೇಲೆ ತರುತ್ತಿದ್ದೇನೆ. ಮೂರು ದಿನದಿಂದ ಮಳೆ ಹಿಡಿದಿದೆ. ಪಾದೆಯ ಗುಂಡಿಗಳಲ್ಲಿ ನೀರು ನಿಂತಿದೆ, ನಿನ್ನೆ ರಾತ್ರಿ ಎಂಟಕ್ಕೆ ಕೂಗು ಶುರು. ನಮ್ಮ ಕಾಗದದ ಕಪ್ಪೆ ಅಟ್ಟದಲ್ಲಿ ಹಾಗೇ ಇದೆ, ಮುಂಗಾಲಿನ ಒಂದು ಬೆರಳು ಇಲಿ ತಿಂದು ಮೂರಾಗಿದೆ, ಸರಿಮಾಡಬೇಕು.

ಪಾದೆಯ ಮೂಡು ಬದಿಯಲ್ಲಿ ಯಾರೋ ಸುಣ್ಣ ಹಾಕಿ ಗಡಿಕಲ್ಲು ನೆಟ್ಟಿದ್ದಾರೆ. ಯಾಕೆಂದು ವಿಚಾರಿಸುತ್ತಿದ್ದೇನೆ. ಅದಕ್ಕಿಂತ ಮೊದಲು ಅಲ್ಲಿ ಏನೇನಿದೆ ಎಂದು ದಿನಾಂಕ ಸಮೇತ ಬರೆದಿಡಬೇಕು ಅನ್ನಿಸಿದೆ. ಶನಿವಾರ ರಾತ್ರಿ ಏಳೂವರೆಗೆ ನಮ್ಮ ಗೇಟಿನ ಹತ್ತಿರ ಸೇರೋಣ. ಕೊಣಾಜೆಯವರು ಬರಲು ಒಪ್ಪಿದ್ದಾರೆ. ಕ್ವಾರಿಯ ಅಣ್ಣನೂ ಬರುತ್ತಾರೆ, ಎಲ್ಲಿ ಕಾಲಿಡಬಾರದು ಎಂದು ಅವರಿಗೆ ನಮಗಿಂತ ಚೆನ್ನಾಗಿ ಗೊತ್ತು. ಹಾವು ಓಡಾಡುವ ಹೊತ್ತು, ಗಂಬೂಟು ಕಡ್ಡಾಯ. ಟಾರ್ಚಿಗೆ ಕೆಂಪು ಕಾಗದ ಸುತ್ತಿ ತನ್ನಿ. ಯಾರೂ ಕಪ್ಪೆಯನ್ನು ಹಿಡಿಯುವಂತಿಲ್ಲ, ಗುಂಡಿಯ ನೀರಿಗೆ ಕೈ ಅದ್ದುವಂತಿಲ್ಲ.


ತಾಸೆಪೆಟ್ಟು, ಉಡುಪಿ | ಜೂನ್ 14

ನಾನು ಬರುತ್ತೇನೆ. ಆ ಬೆನ್ನಿನ ಗುರುತು ನಾನು ಎಳೆದದ್ದು ಸರಿ ಉಂಟಾ ಅಂತ ಒಮ್ಮೆ ಕಣ್ಣಾರೆ ನೋಡಬೇಕು.